ಎರಡೂ ಕಡೆಗೆ ಹೂಂ ಎಂದವರು

ಎದುರಿನವರು ಮಾತು ಮುಗಿಸುವ ಮೊದಲೇ ಮೇಸ್ತ್ರಿ ಕಾಕಾ ಅವರ ತಲೆ ಆಡಲು ಶುರುವಾಗುತ್ತಿತ್ತು. ಗಿಡ್ಡ ಕತ್ತು, ಬೀಡಿಯಿಂದ ತುದಿ ಹಳದಿಯಾದ ಬಿಳಿ ಮೀಸೆ, ಎಷ್ಟು ತೊಳೆದರೂ ಕಿವಿಯ ಮಡಿಕೆಯಲ್ಲಿ ಉಳಿಯುತ್ತಿದ್ದ ಸಿಮೆಂಟು. ಆ ತಲೆ ಆಡಿತೆಂದರೆ ಕೆಲಸ ಆಯಿತೆಂದೇ ನಮ್ಮ ಓಣಿಯ ನಂಬಿಕೆ.

ತೆಲುಗು ಸೀಮೆಯ ಶಹರದಲ್ಲಿ, ನಾಚಾರಂ ಕಾರ್ಖಾನೆಗಳ ಹಿಂದೆ, ತಗಡಿನ ಮನೆಗಳಲ್ಲಿ ನಾವಿದ್ದೆವು. ಯಾದಗಿರಿ ಕಡೆಯಿಂದ ನಮ್ಮವರನ್ನೆಲ್ಲ ಗಾರೆ ಕೆಲಸಕ್ಕೆ ಕರೆತಂದವರು ಅವರೇ. ರೇಷನ್ ಕಾರ್ಡಿಗೂ ಹೂಂ, ಶಾಲೆಯ ಸೀಟಿಗೂ ಹೂಂ, ಗಂಡ ಹೆಂಡತಿ ಜಗಳವಾಡಿಕೊಂಡು ಬಂದರೆ ಇಬ್ಬರಿಗೂ ಹೂಂ. "ಯಮ ಕರದ್ರೂ ಹೂಂ ಅಂತ ಹೊಂಟಬಿಡ್ತಾರ ಇವರು" ಎಂದು ಕಾಕಿ ಆಡಿಕೊಳ್ಳುತ್ತಿದ್ದಳು. ಕಾಕಾ ನಗುತ್ತಿದ್ದರು. "ಇಲ್ಲ ಅಂದ್ರ ಮಂದೀ ಮುಖ ಸಣ್ಣದಾಗತೈತಿ. ನನಗ ನೋಡಾಕ ಆಗೂದಿಲ್ಲ" ಎನ್ನುತ್ತಿದ್ದರು.

ಕಾರ್ಪೊರೇಶನ್ ಚುನಾವಣೆ ಬಂದರೆ ಅಭ್ಯರ್ಥಿಗಳು ಮೊದಲು ಬರುತ್ತಿದ್ದುದು ಅವರ ಹತ್ತಿರವೇ. ಮೇಸ್ತ್ರಿ ಹೇಳಿದ ಕಡೆ ಓಣಿ ಓಟು ಹಾಕುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ವರ್ಷವೂ ಹಳೆಯ ಕಾರ್ಪೊರೇಟರ್ ಬಂದು, ಚಹಾ ಮುಗಿಯುವವರೆಗೂ ಕಾಕಾನ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ. ನಿಮ್ಮ ಬೂತು ನನ್ನದೇ ಅಲ್ಲವೇ ಎಂದು ಕೇಳಿದರು. ಕಾಕಾ ತಲೆಯಾಡಿಸಿದರು.

ಆದರೆ ಅಷ್ಟರಲ್ಲಿ ನಮ್ಮ ಬೋರಿನ ನೀರು ಹಳದಿಯಾಗಿತ್ತು. ಕಾರ್ಖಾನೆಯ ಹೊಲಸು ಇಳಿದಿದೆ ಎಂದು ಕಾರ್ಪೊರೇಟರ್ ಮನೆಗೆ ಅಲೆದು ಹೆಂಗಸರ ಚಪ್ಪಲಿ ಸವೆದಿತ್ತು. ಪಕ್ಕದ ಓಣಿಯ ಹೊಲಿಗೆ ಟೀಚರು ಅವರ ಎದುರಿಗೆ ಚುನಾವಣೆಗೆ ನಿಂತರು. ನಾನಾಗ ನರ್ಸಿಂಗ್ ಓದುತ್ತಿದ್ದೆ, ನನ್ನದು ಮೊದಲ ಓಟು. ಮನೆಮನೆಗೆ ಹೋಗಿ ಟೀಚರಿಗೆ ಓಟು ಹಾಕಲು ಹೆಂಗಸರನ್ನು ಒಪ್ಪಿಸಿದೆ. ಕಾಕಾ ಅವರನ್ನೂ ಕೇಳಿದೆ. ಅದಕ್ಕೂ ಹೂಂ!

"ಕಾರ್ಪೊರೇಟರಿಗೂ ಹೂಂ ಅಂದೀರಲ್ಲ ಕಾಕಾ?"

"ಅಂದೀನಿ. ಮಷೀನಿನ್ಯಾಗ ಯಾರು ಏನು ಒತ್ತಿದ್ರು ಅಂತ ಯಾರಿಗೆ ತಿಳೀತೈತಿ ಬೇ? ನಿಮ್ಮ ಮನಸ್ಸಿಗೆ ಬಂದಂಗ ಹಾಕ್ರಿ."

ಒಬ್ಬೊಬ್ಬರ ಓಟು ತಿಳಿಯುವುದಿಲ್ಲ ನಿಜ. ಆದರೆ ಎಣಿಕೆಯಲ್ಲಿ ಒಂದೊಂದು ಬೂತಿನದೂ ಬೇರೆ ಬೇರೆಯಾಗಿ ಹೊರಬರುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಓದಿದ ನನಗೂ ಗೊತ್ತಿರಲಿಲ್ಲ. ನಮ್ಮ ಬೂತಿನಲ್ಲಿ ಹೆಚ್ಚುಕಡಿಮೆ ನಮ್ಮ ಓಣಿಯವರದೇ ಹೆಸರುಗಳು.

ಓಟಿಗೆ ಕೆಲವು ದಿನ ಮೊದಲು ಓಣಿಯ ಬಾಯಲ್ಲಿ ಒಂದು ಕಾರು ನಿಲ್ಲತೊಡಗಿತು. ಗಾಜು ಏರಿಸಿಕೊಂಡು, ಇಂಜಿನ್ ಆರಿಸದೆ. ಓಟಿನ ದಿನ ಶಾಲೆಯ ಗೇಟಿನಲ್ಲಿ ಕಾರ್ಪೊರೇಟರ್ ಕಡೆಯ ಇಬ್ಬರು ನಿಂತು, ಒಳಗೆ ಹೋಗುವ ಒಬ್ಬೊಬ್ಬ ಹೆಂಗಸಿಗೂ ಹೆಸರು ಹಿಡಿದು ನಮಸ್ಕಾರ ಹೇಳಿದರು. ನಮ್ಮವ್ವನ ಹೆಸರು ಅವರಿಗೆ ಯಾರು ಹೇಳಿದರೋ.

ವಾರ್ಡಿನಲ್ಲಿ ಗೆದ್ದವರು ಕಾರ್ಪೊರೇಟರೇ. ನಮ್ಮ ಬೂತು ಮಾತ್ರ ಟೀಚರ ಕಡೆ ಬಿದ್ದಿತ್ತು. ಸುತ್ತಲಿನ ಓಣಿಗಳಲ್ಲೆಲ್ಲ ಪಟಾಕಿ ಸಿಡಿಯುತ್ತಿದ್ದರೆ ನಮ್ಮಲ್ಲಿ ಮಕ್ಕಳೂ ಹೊರಗೆ ಬರಲಿಲ್ಲ. ಮರುದಿನ, ಬೋರು ಕೆಟ್ಟಾಗಿನಿಂದ ಬರುತ್ತಿದ್ದ ಕುಡಿಯುವ ನೀರಿನ ಟ್ಯಾಂಕರ್ ಬರಲಿಲ್ಲ. ಅದರ ಬದಲು ಆ ಕಾರು ಒಳಗೆ ಬಂತು.

ಗೇಟಿನಲ್ಲಿ ನಿಂತಿದ್ದವರಲ್ಲಿ ಒಬ್ಬ ಇಳಿದ. "ಏಂ ಮೇಸ್ತ್ರೀ, ಮಾ ಓಟ್ಲು ಎಕ್ಕಡ ಪೋಯಾಯಿ?" ನಮ್ಮ ಓಟು ಎಲ್ಲಿಗೆ ಹೋದವು ಎಂದು ನಗುತ್ತಲೇ ಕೇಳಿದ. ಹೆಂಗಸರ ತಲೆ ಕೆಡಿಸಿದ್ದು ಯಾರು, ಹೇಳದಿದ್ದರೆ ಒಂದೊಂದೇ ಮನೆಯಲ್ಲಿ ವಿಚಾರಿಸುತ್ತೇವೆ ಎಂದ. ನಾನು ಖಾಲಿ ಕೊಡ ಹಿಡಿದು ಅಲ್ಲೇ ನಿಂತಿದ್ದೆ.

ಕಾಕಾ ನನ್ನ ಕಡೆ ನೋಡಲೇ ಇಲ್ಲ. "ಮೈಂಚ್ ಬೋಲಾ" ಎಂದರು. ಹೆಂಗಸರಿಗೆ ಹೇಳಿದ್ದು ನಾನೇ ಎಂದು ತಮ್ಮ ಮೇಲೆ ಹಾಕಿಕೊಂಡರು.

ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾಕಾನ ಹೆಗಲಿನಿಂದ ಜಾರಿದ ಟವೆಲನ್ನು ತಾನೇ ಸರಿಮಾಡಿ, ಬರುತ್ತೇನೆ ಎಂದು ಹೋದ. ಇಂದಿಗೂ ನನಗೆ ಹೆದರಿಕೆ ಹುಟ್ಟಿಸುವುದು ಆ ಟವೆಲು ಸರಿಮಾಡಿದ್ದೇ.

ಆಮೇಲೆ ಅವರನ್ನು ಯಾವ ಗುತ್ತಿಗೆದಾರನೂ ಕರೆಯಲಿಲ್ಲ. ದಿನಾ ಮುಂಜಾನೆ ಕೂಲಿ ಅಡ್ಡಾದಲ್ಲಿ ನಿಲ್ಲುತ್ತಿದ್ದರು. ಬಂದ ಟೆಂಪೋಗಳು ಅವರನ್ನು ಬಿಟ್ಟು, ಅವರ ಅಕ್ಕಪಕ್ಕ ನಿಂತವರನ್ನೂ ಬಿಟ್ಟು ಹೋಗುತ್ತಿದ್ದವು. "ನನ್ನ ಬಾಜೂ ನಿಂದರಬ್ಯಾಡ್ರೋ, ಹೊಟ್ಟಿ ನೋಡ್ಕೋರಿ" ಎಂದು ತಾವೇ ಎಲ್ಲರನ್ನೂ ದೂರ ಕಳಿಸಿದರು. ನಮ್ಮಪ್ಪನೂ ದೂರ ಹೋಗಿ ನಿಂತ. ಕೊನೆಗೆ ಆ ದೊಡ್ಡ ಗುಂಪಿನಿಂದ ಬೇರೆಯಾಗಿ ಕಾಕಾ ಒಬ್ಬರೇ.

ಆ ಮಳೆಗಾಲದಲ್ಲಿ ಅವರಿಗೆ ಕಾಮಾಲೆ ಹಿಡಿಯಿತು. ನಾನು ತರಬೇತಿಗೆ ಹೋಗುತ್ತಿದ್ದ ಸರ್ಕಾರಿ ಆಸ್ಪತ್ರೆಗೇ ಸೇರಿಸಿದ್ದರು. ಗ್ಲೂಕೋಸ್ ಹಚ್ಚುವಾಗ ನನಗೆ ತಡೆಯಲಾಗದೆ, ಕಾರ್ಪೊರೇಟರಿಗೆ ನಿಜ ಹೇಳಿಬಿಡುತ್ತೇನೆ ಎಂದು ಅತ್ತೆ. "ಬಾಯಿ ಬಿಡಬ್ಯಾಡ ಬೇ" ಎಂದರು. "ನಿನ್ನ ನೌಕರಿ ಆಗ್ಲಿ ಮೊದಲ." ಇಂದು ನಾನು ಉಣ್ಣುವ ಅನ್ನ ಆ ಮಾತಿನದು. ಅವರು ಹೆತ್ತ ತಂದೆಯಲ್ಲ, ಆದರೆ ನನಗಾಗಿ ಅಷ್ಟು ಮಾಡಿದವರು ಇನ್ನೊಬ್ಬರಿಲ್ಲ.

ಎರಡು ದಿನದಲ್ಲಿ ತೀರಿಕೊಂಡರು. ಮಣ್ಣಿಗೆ ಕಾರ್ಪೊರೇಟರ್ ದೊಡ್ಡ ಹಾರ ತಂದರು. ಹೆಣದ ಮುಂದೆ ಕೈಮುಗಿದು, ಕಾಕಿಗೆ ಸಮಾಧಾನ ಹೇಳಿ, ಆಮೇಲೆ ಸುತ್ತ ಕೂತ ಹೆಂಗಸರನ್ನು ಕೇಳಿದರು: ಇನ್ನು ಮುಂದೆ ಈ ಓಣಿಯಲ್ಲಿ ನೀವು ಯಾರ ಮಾತು ಕೇಳುತ್ತೀರಿ?

ಪಾಪ, ಏನೂ ಯೋಚಿಸದೆ, ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಗ ಕಾರ್ಪೊರೇಟರೂ ನೋಡಿದರು.