ಅಂತೆಕ್ಕನ ಬಾಯಿಗೆ ಬೀಗ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಾಯಿಗಳು ಬಿದ್ದುಕೊಂಡಿವೆ. ಹಲ್ಲಿಲ್ಲದ ವಸಡುಗಳ ಅಚ್ಚುಗಳವು, ನಿನ್ನೆ ಸಂಜೆ ದಂತವೈದ್ಯರು ಕಳಿಸಿದ್ದು. ನಲವತ್ತಾರು ವರ್ಷದ ಹೆಂಗಸೊಬ್ಬರು ರಬ್ಬರ್ ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿ, ಒಂದೊಂದು ಅಚ್ಚಿಗೂ ಸುರಿದು, ಮೇಜಿಗೆ ಟಪಟಪ ಕುಟ್ಟುತ್ತಾರೆ. ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತದೆ.

"ಒಂದು ಗುಳ್ಳೆ ಒಳಗೆ ಉಳಿದ್ರೂ ಹಲ್ಲಿನ ಸೆಟ್ ಬಾಯಲ್ಲಿ ಕೂರಲ್ಲ. ಅವರು ಡಾಕ್ಟ್ರನ್ನ ಬೈತಾರೆ, ಡಾಕ್ಟ್ರು ನನ್ನ ಬೈತಾರೆ. ನಾನು ಯಾರನ್ನ ಬೈಲಿ? ಪ್ಲಾಸ್ಟರನ್ನ ಬೈತೀನಿ."

ಪ್ಲಾಸ್ಟರ್ ಗಟ್ಟಿಯಾಗುವ ತನಕ ಕೈಗೆ ಕೆಲಸವಿಲ್ಲ. ಅವರ ಎರಡನೇ ಕೆಲಸ ಶುರುವಾಗುತ್ತಿದ್ದದ್ದು ಆ ಹೊತ್ತಿನಲ್ಲಿ. ಪುಡಿ ಮೆತ್ತದಂತೆ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟ ಫೋನನ್ನು ಕವರಿನ ಮೇಲಿಂದಲೇ ತೀಡುತ್ತಾರೆ. ತೆರೆದುಕೊಳ್ಳುವುದು ವಿಡಿಯೋ ಗೇಮ್‌ಗಳ ಸುದ್ದಿ ಹಂಚಿಕೊಳ್ಳುವ, ಹಂಚಿಕೊಂಡು ಜಗಳವಾಡುವ ಒಂದು ಆನ್‌ಲೈನ್ ಗುಂಪು. ಅದರ ಸದಸ್ಯರು ಅದನ್ನು ‘ಕಟ್ಟೆ’ ಎನ್ನುತ್ತಾರೆ. ಏಳು ವರ್ಷದಿಂದ ಇವರು ಅಲ್ಲಿನ ಮಾಡರೇಟರ್. ಯಾವ ಪೋಸ್ಟ್ ಉಳಿಯಬೇಕು, ಯಾವುದು ಹೋಗಬೇಕು, ಯಾರಿಗೆ ಎಚ್ಚರಿಕೆ ಕೊಡಬೇಕು ಎಂದು ನೋಡುವವರು.

ಆದರೆ ಈಗ ಬೆರಳು ಸುಮ್ಮನೆ ಮೇಲಿಂದ ಕೆಳಗೆ ಓಡುತ್ತದೆ, ಎಲ್ಲೂ ಒತ್ತುವುದಿಲ್ಲ. ಒತ್ತಲು ಗುಂಡಿಗಳೇ ಇಲ್ಲ. ಬರೆಯುವ ಜಾಗದಲ್ಲಿ ಬೂದು ಬಣ್ಣದ ಪಟ್ಟಿ: ‘ನಿಮ್ಮನ್ನು ಒಂದು ತಿಂಗಳು ಬ್ಯಾನ್ ಮಾಡಲಾಗಿದೆ.’ ಶಿಕ್ಷೆ ಮುಗಿಯಲು ಇನ್ನು ಮೂರು ದಿನ. ಮುಗಿದ ಮೇಲೂ ಇವರು ವಾಪಸ್ ಹೋಗುತ್ತಾರೋ ಇಲ್ಲವೋ ಎಂಬುದು ಒಬ್ಬ ಆಂಬುಲೆನ್ಸ್ ಡ್ರೈವರ್ ಮೇಲೆ ನಿಂತಿದೆ. ಆತನನ್ನು ಇವರು ಮುಖತಃ ನೋಡಿದ್ದೇ ಇಲ್ಲ.

ಕಟ್ಟೆಯಲ್ಲಿ ಇವರಿಗಿರುವ ಹೆಸರು ಅಂತೆಕ್ಕ. ಅದು ಬಂದದ್ದು ಸುಮ್ಮನೆ ಅಲ್ಲ. ಗೇಮ್‌ಗಳ ಲೋಕ ನಡೆಯುವುದೇ ಅಂತೆಕಂತೆಗಳ ಮೇಲೆ. ಆ ಗೇಮಿನ ಮುಂದಿನ ಭಾಗ ಬರುತ್ತಂತೆ, ಈ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸುತ್ತಂತೆ, ಹೊಸ ಕನ್ಸೋಲ್ ಹಳೆಯ ಡಿಸ್ಕ್ ಓದುವುದಿಲ್ಲವಂತೆ. ದಿನಕ್ಕೆ ಮುನ್ನೂರರ ಹತ್ತಿರ ಪೋಸ್ಟ್ ಬರುತ್ತವೆ. ಅರ್ಧಕ್ಕರ್ಧ ಇಂಥವೇ.

"ಅಂತೆ ಅಂದ್ರೆ ತಪ್ಪೇನಿಲ್ಲ," ಎನ್ನುತ್ತಾರೆ ಅವರು, ಮೇಣದ ತುಂಡನ್ನು ಬೆಂಕಿಗೆ ಹಿಡಿದು ಮೆತ್ತಗಾಗಿಸುತ್ತ. "ಅಂತೆ ಅಂದವನು ಪ್ರಾಮಾಣಿಕ. ನಾನು ಕೇಳಿದ್ದು, ನೋಡಿದ್ದಲ್ಲ ಅಂತ ಬಾಯಿಬಿಟ್ಟು ಹೇಳ್ತಿದಾನೆ. ಹೆದರಬೇಕಾಗಿರೋದು ಅಂತೆ ನುಂಗಿಕೊಂಡವನಿಗೆ. ಒಬ್ಬ ‘ಬರುತ್ತಂತೆ’ ಅಂತಾನೆ. ಅದನ್ನ ಓದಿ ಇನ್ನೊಬ್ಬ ‘ಬರುತ್ತೆ’ ಅಂತಾನೆ. ಮೂರನೆಯವನು ‘ಬಂತು’ ಅಂತಾನೆ. ನಾಲ್ಕನೆಯವನು ಅಂಗಡಿ ಮುಂದೆ ಹೋಗಿ ನಿಂತಿರ್ತಾನೆ."

ಆ ನಾಲ್ಕನೆಯವರು ಒಂದು ಕಾಲದಲ್ಲಿ ಇವರೇ. ಇವರ ತಮ್ಮನೊಬ್ಬ ಊರು ಬಿಡುವಾಗ, ಟಿವಿಗೆ ಜೋಡಿಸಿ ಗೇಮ್ ಆಡುವ ತನ್ನ ಕನ್ಸೋಲನ್ನು ಈ ಅಕ್ಕನ ಮನೆಯಲ್ಲಿ ಬಿಟ್ಟುಹೋಗಿದ್ದ. ಲಿಫ್ಟ್ ರಿಪೇರಿ ಮಾಡುವ ಗಂಡ ಡ್ಯೂಟಿ ಮುಗಿಸಿ ಬರುವ ತನಕ ಕೂತು ಕಾರ್ ರೇಸ್ ಆಡುವುದು ಅಭ್ಯಾಸವಾಯಿತು. ಹೊಸ ರೇಸ್ ಬಂದಿದೆ ಎಂದು ಕಟ್ಟೆಯಲ್ಲಿ ಓದಿ ಅಂಗಡಿಗೆ ಹೋದರು. ಅಂಗಡಿಯವನು ನಕ್ಕ: "ಯಾರು ಹೇಳಿದ್ದು ಮೇಡಂ ನಿಮಗೆ?" ಮನೆಗೆ ಬಂದು ಅದೇ ಮಾತನ್ನು ಕಟ್ಟೆಯಲ್ಲಿ ಟೈಪ್ ಮಾಡಿದರು. ‘ಯಾರು ಹೇಳಿದ್ದು?’ ಅದೇ ಅವರ ಮೊದಲ ಪೋಸ್ಟ್. ‘ಎಲ್ಲರೂ ಹೇಳ್ತಿದಾರೆ’ ಎಂದು ಉತ್ತರ ಬಂತು. ‘ಎಲ್ಲರೂ ಅಂದ್ರೆ ಯಾರು?’ ಎಂದು ಕೇಳಿದರು. ಹೀಗೆ ಎರಡು ವರ್ಷ ಕಂಡಕಂಡವರನ್ನೆಲ್ಲ ಅದೊಂದನ್ನೇ ಕೇಳಿ ತಲೆ ತಿಂದ ಮೇಲೆ, ಕಟ್ಟೆ ಶುರುಮಾಡಿದವರು ಬೇಸತ್ತು ಇವರನ್ನೇ ಮಾಡರೇಟರ್ ಮಾಡಿದರು.

ಬಂದವರೇ ನಿಯಮ ತಂದರು. ಸುದ್ದಿ ಹಾಕಿದರೆ ಯಾರು ಹೇಳಿದ್ದು ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ತಲೆಬರಹದಲ್ಲಿ ‘ಅಂತೆ’ ಇರಲೇಬೇಕು. ಅಂತೆಯನ್ನು ಕಿತ್ತು ಗಾಳಿಮಾತನ್ನು ಖಚಿತ ಸುದ್ದಿ ಮಾಡಿದವರಿಗೆ ಒಂದು ತಿಂಗಳು ಬ್ಯಾನ್. ಶನಿವಾರ ಸಂಜೆ ವಾರದ ಸುದ್ದಿ ಮೇಲೆ ಚರ್ಚೆ. ಅರೆಬೆಂದ ಗೇಮನ್ನು ಮಾರಾಟಕ್ಕಿಡುವ ಕಂಪನಿಯನ್ನು ನಂಬಬೇಕೇ, ಕೆಲಸ ಕಳೆದುಕೊಂಡವರು ಮಾಡಿದ ಗೇಮನ್ನು ಖುಷಿಯಾಗಿ ಆಡಬಹುದೇ, ಹೀಗೆ ಒಂದೇ ಪ್ರಶ್ನೆ ಇಡುತ್ತಾರೆ. ಬೈಗುಳ ಬಂದರೆ ಅಳಿಸುತ್ತಾರೆ, ವಾದ ಎಷ್ಟೇ ಖಾರವಾಗಿದ್ದರೂ ಬಿಡುತ್ತಾರೆ.

ಇದಕ್ಕೆ ಸಂಬಳವಿಲ್ಲ. ಇಂಥ ಐದು ಜನರಿದ್ದಾರೆ, ಯಾರಿಗೂ ಇಲ್ಲ. ಬರುವುದು ಬೈಗುಳ ಮಾತ್ರ. ‘ಹಲ್ಲು ಕಟ್ಟೋಳು ಹಲ್ಲು ಕಟ್ಟಿಕೊಂಡಿರು’ ಎನ್ನುವುದು ಅದರಲ್ಲೆಲ್ಲ ಮರ್ಯಾದಸ್ಥ ಬೈಗುಳ. ಉಳಿದವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. "ಮೊದಮೊದಲು ಅಳು ಬರ್ತಿತ್ತು," ಎನ್ನುತ್ತಾರೆ. "ಆಮೇಲೆ ಬೈಗುಳದಲ್ಲೂ ಕಾಗುಣಿತ ತಪ್ಪು ಕಾಣೋಕೆ ಶುರುವಾಯ್ತು. ಅಲ್ಲಿಗೆ ಅಳು ನಿಂತೋಯ್ತು."

ಕಾಗುಣಿತ ತಿದ್ದುವ ಆ ಚಟವೇ ಕೊನೆಗೆ ಅವರನ್ನು ಹಳ್ಳಕ್ಕೆ ಕೆಡವಿತು.

ಹಡಗಿನಾಟ ಎಂದು ಕಟ್ಟೆಯವರು ಕರೆಯುವ ಒಂದು ಹಳೆಯ ಗೇಮ್ ಇದೆ. ಸಾವಿರಾರು ಜನ ಅದರ ಸಮುದ್ರಗಳಲ್ಲಿ ಹಲಗೆ ಹಲಗೆ ಜೋಡಿಸಿ ಹಡಗು ಕಟ್ಟುತ್ತಾರೆ, ತೇಲಿಸುತ್ತಾರೆ, ಕಾಪಾಡಿಕೊಳ್ಳುತ್ತಾರೆ. ಅಂತೆಕ್ಕ ಅದನ್ನು ಆಡಿದವರಲ್ಲ. ಅಲೆ ನೋಡಿದರೆ ಅವರಿಗೆ ತಲೆ ಸುತ್ತುತ್ತದೆ. ಒಂದು ಬೆಳಿಗ್ಗೆ, ಹೊಲಿಗೆ ಕೆಲಸದ ಹುಡುಗಿಯೊಬ್ಬಳು ಪೋಸ್ಟ್ ಹಾಕಿದಳು: ‘ಹಡಗಿನಾಟ ಮುಂದಿನ ತಿಂಗ್ಳು ಮುಚ್ತಾರಂತೆ ನಿಜಾನ??’ ಇವರು ಒಂದು ಕೈಯಲ್ಲಿ ಸೆಟ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಅವನ್ನು ಡಾಕ್ಟರ ಹತ್ತಿರ ಒಯ್ಯುವವನು ಬಾಗಿಲಲ್ಲಿ ನಿಂತು ಕಾಲು ಕುಣಿಸುತ್ತಿದ್ದ. ಇನ್ನೊಂದು ಕೈಯಲ್ಲಿ ತಲೆಬರಹವನ್ನು ಸರಿಮಾಡಿದರು: ‘ಹಡಗಿನಾಟ ಮುಂದಿನ ತಿಂಗಳು ಬಂದ್.’

"ಪೇಪರ್ ಹೆಡ್ಡಿಂಗ್ ಥರ ಚೊಕ್ಕವಾಗಿ ಕಾಣ್ತು," ಎನ್ನುತ್ತಾರೆ. ಮೇಣದ ವಸಡಿನ ಮೇಲೆ ಹಲ್ಲು ಕೂರಿಸುತ್ತಿದ್ದ ಕೈ ನಿಲ್ಲುತ್ತದೆ. "ಖುಷೀನೂ ಆಯ್ತು. ಅಂತೆ ಹೋಯ್ತು ಅಂತ ಹೊಳೀಲೇ ಇಲ್ಲ. ಎಲ್ಲರ ಅಂತೆ ಕಾಯೋಳು ನಾನು."

ಇವರು ತಿದ್ದಿದ ಮೇಲೆ ಯಾರೂ ಅನುಮಾನ ಪಡಲಿಲ್ಲ. ಅಂತೆ ಇಲ್ಲವೆಂದರೆ ಅದು ಖಚಿತ ಎಂದು ಏಳು ವರ್ಷ ಇವರೇ ಕಲಿಸಿದ್ದರು.

ಅದನ್ನು ನಂಬಿದವರಲ್ಲಿ ಆ ಆಂಬುಲೆನ್ಸ್ ಡ್ರೈವರ್ ಒಬ್ಬ. ಅವನದು ರಾತ್ರಿ ಪಾಳಿ, ಬೇಕರಿಯಲ್ಲಿ ದುಡಿಯುವ ಹೆಂಡತಿಯದು ಹಗಲು. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಎದ್ದಿರುವ ಹೊತ್ತು ಸಿಗುವುದು ಅಪರೂಪ. ಹಾಗಾಗಿ ಇಬ್ಬರೂ ಸೇರಿ ಎಂಟು ವರ್ಷ ಒಂದು ಹಡಗು ಕಟ್ಟಿದ್ದರು. ಅವಳು ಸಂಜೆ ಒಂದು ಕಿಟಕಿ ಕೂರಿಸಿಟ್ಟರೆ ಅವನು ಬೆಳಿಗ್ಗೆ ಬಂದು ಅದಕ್ಕೊಂದು ದೀಪ ತೂಗುಹಾಕುತ್ತಿದ್ದ. ಇದೆಲ್ಲ ಕಟ್ಟೆಯವರಿಗೆ ಗೊತ್ತಿತ್ತು. ಅವನೇ ಫೋಟೊ ಹಾಕಿ ಬೀಗುತ್ತಿದ್ದ.

ಸುದ್ದಿ ಓದಿದ ಮಾರನೆಯ ದಿನ ಅವನು ಬರೆದ: ‘ಕಂಪನಿಯವರು ಸ್ವಿಚ್ ಆಫ್ ಮಾಡೋದನ್ನ ನೋಡೋಕಾಗಲ್ಲ. ನಾವೇ ಕಳಿಸಿಕೊಟ್ವಿ.’ ಕೆಳಗೆ ಫೋಟೊ. ನಡುಸಮುದ್ರದಲ್ಲಿ ದೀಪಗಳೆಲ್ಲ ಹತ್ತಿಕೊಂಡೇ ಹಡಗು ಮುಳುಗುತ್ತಿದೆ. ಆ ಆಟದಲ್ಲಿ ಮುಳುಗಿದ ಹಡಗು ಮೇಲೆ ಬರುವುದಿಲ್ಲ. ನೂರಾರು ಜನ ಕಣ್ಣೀರಿನ ಚಿತ್ರ ಹಾಕಿದರು. ಅದೇ ಸಂಜೆ ಕಂಪನಿಯ ಪ್ರಕಟಣೆ ಬಂತು: ಹಳೆಯ ಸಮುದ್ರಗಳಲ್ಲಿ ಒಂದನ್ನು ದುರಸ್ತಿಗಾಗಿ ಎರಡು ದಿನ ಮುಚ್ಚಲಾಗುವುದು, ಆಟ ಎಂದಿನಂತೆ ಇರುತ್ತದೆ.

ಕಟ್ಟೆಗೆ ಬೆಂಕಿ ಬಿತ್ತು. ಬೆಂಕಿಯೆಲ್ಲ ಹೋದದ್ದು ಆ ಹೊಲಿಗೆಯ ಹುಡುಗಿಯ ಕಡೆಗೆ. ಪೋಸ್ಟ್ ಅವಳ ಹೆಸರಿನಲ್ಲಿತ್ತಲ್ಲ. ಸುಳ್ಳಿ ಎಂದರು, ಹೊರಗೆ ಹಾಕಿ ಎಂದರು. ‘ನಾನು ಕೇಳಿದ್ದು, ಹೇಳಿದ್ದಲ್ಲ’ ಎಂದು ಅವಳು ಬಡಬಡಿಸಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆಬರಹ ಮೊದಲು ಹೇಗಿತ್ತು, ಯಾರು ತಿದ್ದಿದರು ಎಂಬುದು ಕಾಣುವುದು ಮಾಡರೇಟರ್‌ಗಳಿಗೆ ಮಾತ್ರ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಇನ್ನೊಬ್ಬ ಮಾಡರೇಟರ್ ಅದನ್ನು ನೋಡಿದವನೇ ಇವರಿಗೆ ಫೋನ್ ಮಾಡಿದ.

"ಅಕ್ಕ, ಸುಮ್ನಿದ್ಬಿಡಿ. ಪೋಸ್ಟನ್ನೇ ತೆಗೆದುಬಿಡ್ತೀನಿ. ಎರಡು ದಿನ ಕೂಗಾಡ್ತಾರೆ, ಆಮೇಲೆ ಮರೀತಾರೆ."

"ಆ ಹುಡುಗಿ?"

"ಅವಳು ಬೇರೆ ಹೆಸರಲ್ಲಿ ಬರ್ತಾಳೆ ಬಿಡಿ. ನೀವೇ ತಪ್ಪು ಮಾಡಿದ್ರಿ ಅಂತಾದ್ರೆ ಇನ್ಮೇಲೆ ನಮ್ಮ ಮಾತು ಯಾರು ಕೇಳ್ತಾರೆ?"

"ಅವಳು ಪ್ರಶ್ನೆ ಚಿಹ್ನೆ ಹಾಕಿದ್ಲು ಕಣಪ್ಪ. ಒಂದಲ್ಲ, ಎರಡು. ಎರಡನ್ನೂ ಅಳಿಸಿದ್ದು ನಾನು."

ಆ ಸಂಜೆ ಕಟ್ಟೆಯ ನೆತ್ತಿಯ ಮೇಲೆ ಅವರ ಪೋಸ್ಟ್ ಬಂತು. ಮೊದಲಿನ ತಲೆಬರಹ, ತಿದ್ದಿದ ತಲೆಬರಹ, ಎರಡರ ಚಿತ್ರವೂ ಇತ್ತು. ಕೆಳಗೆ ಒಂದೇ ಸಾಲು: ‘ಅಂತೆ ತೆಗೆದದ್ದು ನಾನು. ನಿಯಮ ನನಗೂ ಒಂದೇ.’ ತಾವೇ ತಮ್ಮನ್ನು ಬ್ಯಾನ್ ಮಾಡಿಕೊಳ್ಳಲು ಬರುವುದಿಲ್ಲ. ಮೆಡಿಕಲ್ ಶಾಪಿನವನಿಗೆ ಒತ್ತಲು ಹೇಳಿದರು. ಅವನು ಒಂದು ದಿನ ಸತಾಯಿಸಿ, ಗಿರಾಕಿಗಳ ನಡುವೆ ಒತ್ತಿ ಮೆಸೇಜ್ ಹಾಕಿದ: ‘ಒತ್ತಿದೆ ಅಕ್ಕ. ಕೈ ನಡುಗ್ತು.’ ‘ಮಾತ್ರೆ ಕೊಡುವಾಗ ನಡುಗದಿದ್ರೆ ಸಾಕು’ ಎಂದು ಇವರು ಉತ್ತರಿಸಿದರು. ಹೊಲಿಗೆಯ ಹುಡುಗಿ ಬರೆದದ್ದು ಇಷ್ಟೇ: ‘ಅಕ್ಕ, ಇನ್ಮೇಲೆ ನನ್ನ ಸ್ಪೆಲ್ಲಿಂಗ್ ತಿದ್ದಬೇಡಿ.’

ಕೆಲವರು ಮೆಚ್ಚಿದರು, ಕೆಲವರು ನಾಟಕ ಎಂದರು. ಆಂಬುಲೆನ್ಸ್ ಡ್ರೈವರ್ ಮಾತ್ರ ಒಂದಕ್ಷರ ಬರೆಯಲಿಲ್ಲ. ಅವತ್ತಿನಿಂದ ಕಟ್ಟೆಯಲ್ಲಿ ಅವನೂ ಇಲ್ಲ, ಅವನ ಹೆಂಡತಿಯೂ ಇಲ್ಲ. ಬೈದಿದ್ದರೂ ನಿದ್ದೆ ಬರುತ್ತಿತ್ತು ಎನ್ನುತ್ತಾರೆ ಇವರು. ಮೆಡಿಕಲ್ ಶಾಪಿನವನಿಗೆ ಖಡಾಖಂಡಿತವಾಗಿ ಹೇಳಿದ್ದಾರೆ: "ಅವನು ಕಟ್ಟೆಗೆ ಬಂದ್ರೆ ನಾನೂ ಬರ್ತೀನಿ. ಅವನ ಹಡಗು ಮುಳುಗಿಸಿ ನಾನು ಮಾತ್ರ ದಡದಲ್ಲಿ ಕೂತು ಸುದ್ದಿ ತಿದ್ತಾ ಇರೋಕಾಗಲ್ಲ."

ಸಂಜೆ ಎರಡು ಕೋಣೆಯ ಮನೆ. ಗಂಡ ಬಚ್ಚಲಲ್ಲಿ ಕೈಗೆ ಹತ್ತಿದ ಗ್ರೀಸ್ ತೊಳೆಯುತ್ತಿದ್ದಾರೆ. ಕಿಟಕಿ ಪಕ್ಕದ ಮಂಚದ ಮೇಲೆ ಅತ್ತೆ ಕೂತಿದ್ದಾರೆ. ಅವರಿಗೆ ಹಲ್ಲು ಕಟ್ಟಿಕೊಟ್ಟಿರುವುದು ಸೊಸೆಯೇ. ಆದ್ದರಿಂದ ಮಾತು ಯಾರಿಗಾದರೂ ನಾಟಿದರೆ ತಪ್ಪು ಸೊಸೆಯದೇ ಎಂಬುದು ಅವರ ವಾದ. ತಿಂಗಳಿಂದ ಬಂದವರಿಗೆಲ್ಲ ಹೇಳುತ್ತಿದ್ದಾರೆ: "ಊರವರ ಬಾಯಿಗೆಲ್ಲ ಹಲ್ಲು ಹಾಕೋಳು ಇವಳು. ಈಗ ಇವಳ ಬಾಯಿಗೇ ಬೀಗ ಹಾಕಿದಾರೆ. ಮನೆ ತಣ್ಣಗಿದೆ."

ಸೊಸೆ ಗೋಡೆಗೊರಗಿ ಫೋನ್ ತೀಡುತ್ತಾರೆ. ಹೊಸ ಪೋಸ್ಟೊಂದು ಬಂದಿದೆ: ‘ಅಂತೆಕ್ಕ ಇನ್ನು ಕಟ್ಟೆಗೆ ಬರಲ್ಲ.’ ಹಾಕಿದವನು ಹೊಸಬ. ಅಂತೆ ಇಲ್ಲ, ಯಾರು ಹೇಳಿದ್ದೆಂದಿಲ್ಲ. ಕೊನೆಗೊಂದು ಚುಕ್ಕಿ ಬೇರೆ. ಅಷ್ಟರಲ್ಲಾಗಲೇ ಕೆಳಗೆ ಅಳುವವರು ಅಳುತ್ತಿದ್ದಾರೆ, ಪೀಡೆ ತೊಲಗಿತು ಎನ್ನುವವರು ಎನ್ನುತ್ತಿದ್ದಾರೆ. ಇವರ ಹೆಬ್ಬೆರಳು ಅಭ್ಯಾಸಬಲದಿಂದ ಬೂದು ಪಟ್ಟಿಯ ಮೇಲೆ ಹೋಗಿ ಸುಮ್ಮನೆ ನಿಲ್ಲುತ್ತದೆ.

ಆಗ ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸಾಲು ಮೂಡುತ್ತದೆ. ಹೆಸರಿನ ಪಕ್ಕ ಪುಟ್ಟ ಆಂಬುಲೆನ್ಸಿನ ಚಿತ್ರ.

‘ಯಾರು ಹೇಳಿದ್ದು?’

ಅವರು ಅದನ್ನು ಮತ್ತೆ ಮತ್ತೆ ಓದುತ್ತಾರೆ. ಆಮೇಲೆ ಫೋನನ್ನು ಮಂಚದ ಕಡೆ ಚಾಚುತ್ತಾರೆ. "ಅತ್ತೆ, ಆ ಡ್ರೈವರ್ ಬರೆದಿದಾನೆ."

ತೊಳೆಯಲೆಂದು ತೆಗೆದಿದ್ದ ಹಲ್ಲನ್ನು ಅತ್ತೆ ಬಟ್ಟಲಿಂದ ಎತ್ತಿ ಹಾಕಿಕೊಳ್ಳುತ್ತಾರೆ. ಮುಖ್ಯವಾದ ಮಾತಿಗೆ ಅವರಿಗೆ ಹಲ್ಲು ಬೇಕು. "ಏನಂತ ಬರೆದ? ಆದದ್ದಾಯ್ತು ಹೋಗ್ಲಿ ಬಿಡಿ ಅಂದ್ನಾ?"

"ಇಲ್ಲ. ಯಾರು ಹೇಳಿದ್ದು ಅಂತ ಕೇಳಿದಾನೆ."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ ಮುಖ ಯಾಕಮ್ಮ ಹಂಗಾಯ್ತು? ನಿನ್ನ ಪಾಠ ನಿನಗೇ ಒಪ್ಪಿಸಿದಾನೆ." ಅತ್ತೆ ಸೊಸೆಯನ್ನೇ ನೋಡುತ್ತಾರೆ. "ಹಾಗಾದ್ರೆ ಹೋಗ್ತೀಯಾ, ಇಲ್ವಾ?"

"ಹೋಗ್ತೀನಿ."

ಗಂಡ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಲ್ಲುತ್ತಾರೆ. ತಾಯಿಯ ಮುಖ, ಹೆಂಡತಿಯ ಮುಖ ನೋಡುತ್ತಾರೆ. "ಏನಂತೆ?"

"ಶುರುವಾಯ್ತಪ್ಪ ಮತ್ತೆ," ಎನ್ನುತ್ತಾರೆ ಅತ್ತೆ. "ವಾಪಸ್ ಹೋಗ್ತಾಳಂತೆ."

"ಅಂತೆ ಯಾಕೆ ಅತ್ತೆ?" ಎನ್ನುತ್ತಾರೆ ಸೊಸೆ. "ನಾನೇ ಹೇಳ್ತಾ ಇದೀನಲ್ಲ. ಹೋಗ್ತೀನಿ."