ಪ್ರೇಮವ್ವ ತೊಟ್ಟು ಮುರಿದ ಮುಂಜಾನೆಗಳು

ಬ್ಯಾಡಗಿಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದ ರುದ್ರಮುನಿ ಸರ್ ನಿವೃತ್ತರಾದಾಗ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ ಬಂದವು. ಅವರ ಹೆಂಡತಿ ಪ್ರೇಮವ್ವ ಶಾಲು ಮಡಚಿ ಟ್ರಂಕಿನಲ್ಲಿಟ್ಟು, ತಾನೂ ಅವತ್ತೇ ನಿವೃತ್ತಳಾದಳು. ಅದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಮರುವರ್ಷ, 2006ರಲ್ಲಿ, ಆರು ಸಲ ಕಪ್ ಗೆದ್ದು ತಂದಿದ್ದ ತಂಡ ಹಾವೇರಿಯ ಟೂರ್ನಿಯಲ್ಲಿ ಮೊದಲ ಪಂದ್ಯದಲ್ಲೇ ಸೋತು ಬಂತು. ನಲವತ್ತೊಂದಕ್ಕೆ ಒಂಬತ್ತು! ಕೋರ್ಟಿಗೆ ರುದ್ರಮುನಿಯವರ ಹೆಸರಿಡಲು ಬೋರ್ಡು ಬರೆಸುತ್ತಿದ್ದ ಆಡಳಿತ ಮಂಡಳಿಯ ಸೋಮಣ್ಣ, ಪೇಂಟರನನ್ನು ತಡೆದು ನಿಲ್ಲಿಸಿ, ಹೊಸ ಕೋಚ್ ವಿಜಯಮಹಾಂತೇಶನ ಜೊತೆ ಭಾನುವಾರ ಮನೆಗೇ ಬಂದ.

“ತಪ್ಪ ತಿಳೀಬ್ಯಾಡ್ರಿ ಸರ್. ನೀವು ಬಿಟ್ಟ ವರ್ಷಕ್ಕ ಎಲ್ಲಾ ಕುಸದ ಬಿತ್ತಂದ್ರ, ನೀವು ಕಟ್ಟಿದ್ದರ ಏನ್ರಿ?” ಎಂದ ಸೋಮಣ್ಣ.

“ಸರ್‌ದೇನ ತಪ್ಪಿಲ್ರಿ, ನಂದೂ ಇಲ್ಲ,” ಎಂದ ವಿಜಯಮಹಾಂತೇಶ. “ಹುಡುಗ್ಯಾರಿಗೆ ಶಿಸ್ತಿಲ್ಲ. ಆ ಎತ್ತರದಾಕಿ ಫರ್ಹಾನಾ, ಪ್ರ್ಯಾಕ್ಟೀಸಿಗೇ ಬರಲಿಲ್ಲ.”

ರುದ್ರಮುನಿ ಗೋಡೆ ಗಡಿಯಾರ ನೋಡುತ್ತ ಕುಳಿತರು. ಬೋರ್ಡಿನ ಅಕ್ಷರ ಕೆಂಪಗಿರಲೋ ನೀಲಿ ಇರಲೋ ಎಂದು ತಿಂಗಳಿಂದ ಹೆಂಡತಿಯ ತಲೆ ತಿಂದಿದ್ದ ಮನುಷ್ಯ.

“ಶಿಸ್ತ ಅಲ್ರಿ, ಮೆಣಸಿನಕಾಯಿ,” ಎಂದಳು ಪ್ರೇಮವ್ವ, ಚಹಾದ ತಟ್ಟೆ ಇಡುತ್ತ.

ಮೂವರೂ ತಿರುಗಿದರು.

“ಮುಂಜಾನೆ ಆಕಿ ಅವರವ್ವನ ಜೋಡಿ ಮೆಣಸಿನಕಾಯಿ ತೊಟ್ಟು ಮುರೀಬೇಕು, ಚೀಲಕ್ಕಿಷ್ಟ ಅಂತ ಕೂಲಿ. ಚೆಂಡಾಡಾಕ ಬಂದ್ರ ಆಕಿ ಪಾಲಿನ ಚೀಲ ಯಾರ ಮುಗಸ್ತಾರ? ನಾ ಮುಗಸ್ತಿದ್ದೆ. ಆಕೀಗಿಂತ ಮೊದಲ ಐಶ್ವರ್ಯಾಂದು, ಅದಕ್ಕೂ ಮೊದಲ ಸುಧಾರಾಣೀದು.”

“ನೀ ಹರಟಿ ಹೊಡ್ಯಾಕ ಹೋಗ್ತಿದ್ದಿ ಅಂತ ತಿಳಕೊಂಡಿದ್ದೆ!” ಎಂದರು ರುದ್ರಮುನಿ.

“ಹರಟೀನೂ ಹೊಡದೇನಿ. ಬಾಯಿ ಖಾಲಿ ಇರತಿತ್ತಲ್ರಿ.”

ಆ ವರ್ಷಗಳಲ್ಲಿ ಪ್ರೇಮವ್ವ ಐದಕ್ಕೆದ್ದು ರೊಟ್ಟಿ ಬಡಿದಿಡುತ್ತಿದ್ದಳು. ಅವರು ಸೀಟಿ ಹಿಡಿದು ಕೋರ್ಟಿಗೆ ಹೋದರೆ, ಅವಳು ಹುಡುಗಿಯರ ಮನೆಯಂಗಳಕ್ಕೆ. ಎರಡು ತಾಸಿನ ನಂತರ ಬಂದು ಖಾರಕ್ಕೆ ಉರಿಯುವ ಕೈಯಿಂದಲೇ ಹನ್ನೆರಡು ಜರ್ಸಿ ಒಗೆಯುವುದು.

“ಹಂಗಾರ ಬೋರ್ಡಿಗೆ ನಿಮ್ಮ ಹೆಸರ ಬರಸೂಣೇನ್ರಿ ಅಕ್ಕಾರ?” ಸೋಮಣ್ಣ ನಕ್ಕ.

“ಬ್ಯಾಡಪ್ಪಾ, ಅದರ ಧೂಳ ಒರಸೋ ಕೆಲಸಾನೂ ನನಗ ಬರತೈತಿ. ಫರ್ಹಾನಾ ಕೋರ್ಟಿಗೆ ಬರೂವಂಗ ಮಾಡ್ರಿ, ಆಮ್ಯಾಲೆ ಹೆಸರಿನ ಮಾತು. ನಾನಂತೂ ನಿವೃತ್ತ.”

ಮರುದಿನ ಆರಕ್ಕೆ ರುದ್ರಮುನಿ, ಫರ್ಹಾನಾಳ ತಾಯಿ ಮುಮ್ತಾಜಬಿಯ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ದಾರಿ ತೋರಿಸಲು ಬಂದ ಪ್ರೇಮವ್ವ ಕಟ್ಟೆಯ ಮೇಲೆ, ಇನ್ನೊಬ್ಬರು ಮಾಡಿಕೊಟ್ಟ ಚಹಾ ಬಿಸಿ ಇರುವಾಗಲೇ ಕುಡಿಯುತ್ತಿದ್ದಳು.

“ಕಣ್ಣಿಗೆ ಕೈ ಹಚ್ಚಬ್ಯಾಡ್ರೀ ಸರ್!” ಮುಮ್ತಾಜಬಿ ಕೂಗಿದಳು.

ಹಚ್ಚಿ ಆಗಿತ್ತು. ನೀರು ತಂದವಳು ಅವರ ಬುಟ್ಟಿಯೊಳಗೆ ಇಣುಕಿದಳು. “ಇಷ್ಟೊತ್ತಿಗೆ ಅಕ್ಕಾರದು ಮೂರ ಬುಟ್ಟಿ ಆಗತಿದ್ವು.”

ಈ ಗದ್ದಲದಲ್ಲಿ ಫರ್ಹಾನಾ ಬೂಟಿನ ಲೇಸು ಬಿಗಿದು ಓಡಿಬಿಟ್ಟಿದ್ದಳು.

ಸೋಮಣ್ಣನ ಸ್ಕೂಟರ್ ಬಂದು ನಿಂತಿತು. “ಸರ್, ಪೇಂಟರ ಬೋರ್ಡ ಬರೀಲೇನು ಅಂತ ಕೇಳಾಕತ್ತಾನ. ಏನ ಹೇಳ್ಲಿ?”

ರುದ್ರಮುನಿ ಒಂದು ಕಣ್ಣು ಮುಚ್ಚಿಕೊಂಡೇ ಇನ್ನೊಂದು ತೊಟ್ಟು ಮುರಿದರು.

“ತಡಿ ಅನ್ರಿ ಅವಗ. ಇನ್ನೂ ಒಂದೂವರಿ ಚೀಲ ಐತಿ.”