ಬೀಗರು ಬಂದರೂ ಏಳದ ಉಚ್ಚೆಂಗೆಪ್ಪ

ಸುಮ್ಮನೆ ಒಂದು ಕಡೆ ಕೂತಿರು ಎಂದರೆ ಉಚ್ಚೆಂಗೆಪ್ಪನಿಗೆ ಜ್ವರ ಬರುತ್ತಿತ್ತು. ಸಿರುಗುಪ್ಪದ ಹೊಳೆಯಲ್ಲಿ ಹರಿಗೋಲು ಹಾಕುವ ಈ ಮನುಷ್ಯ ಊಟವನ್ನೂ ನಿಂತೇ ಮಾಡುವವನು, ಜಗಳವನ್ನಂತೂ ಕುಣಿದೇ ಮಾಡುವವನು! ಅಂಥವನು ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ದಂಡೆಯಲ್ಲಿ ಕುಸಿದ. ಬಳ್ಳಾರಿಯ ಆಸ್ಪತ್ರೆಗೆ ತಂದು ಹಾಕಿದರು.

"ಹೃದಯಕ್ಕೆ ಪೆಟ್ಟಾಗಿದೆ. ಮಲಗಿದಲ್ಲೇ ಇದ್ದರೆ ಬದುಕುತ್ತಾನೆ, ಎದ್ದರೆ ನಾನು ಹೊಣೆಯಲ್ಲ" ಅಂದರು ಡಾಕ್ಟರು. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಆ ಕಾಯಿಲೆಗೆ ಮಲಗುವುದೇ ಮದ್ದು. ಪಕ್ಕದ ಮಂಚದವನಿಗೂ ಅದೇ ಕಾಯಿಲೆ. ಪಂಚೆ ಸರಿಮಾಡಿಕೊಳ್ಳಲು ಎದ್ದವನು ನಿಂತಲ್ಲೇ ಹೋಗಿಬಿಟ್ಟ. ಆ ಖಾಲಿ ಮಂಚದ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಅಂದಿನಿಂದ ಹೆಂಡತಿ ಜಡೆಮ್ಮ ಗಂಡನ ಕಾಲು ಹಿಡಿದುಕೊಂಡೇ ಕೂತಳು.

ಆಗಲೇ ಬಂದನಪ್ಪಾ ಕುರುಗೋಡಿನ ಬೀಗ ಪಕ್ಕೀರಪ್ಪ! ಅವನ ಮಗನಿಗೆ ಇವರ ಮಗಳು ಸುಂಕಮ್ಮನನ್ನು ಕೊಡುವ ಮಾತಾಗಿತ್ತು. ಕಾಯಿಲೆ ನೋಡಿದಂತೆಯೂ ಆಯಿತು, ನಿಶ್ಚಯದ ವೀಳ್ಯವೂ ಆಯಿತು ಎಂದು ದೊಡ್ಡ ರುಮಾಲು ಸುತ್ತಿ ಬಂದಿದ್ದ. ಹೆಣ್ಣಿನ ತಂದೆ ಎದ್ದು ನಿಂತು ಕೊಟ್ಟರೇ ವೀಳ್ಯ. ಮಲಗಿ ಕೊಟ್ಟರೆ ಬೀಗರಿಗೆ ಅವಮಾನ. ಮಗಳ ಸಂಬಂಧ ಮುರಿದೇ ಹೋಯಿತೆಂದು ಉಚ್ಚೆಂಗೆಪ್ಪನ ಜೀವ ಒದ್ದಾಡಿತು.

"ಕಾಲು ಬಿಡಲೇ ಜಡೆಮ್ಮಾ! ಬೀಗ್ರು ನಿಂತಾರ, ನಾ ಮಕ್ಕಂಡೀನಿ. ಮರ್ಯಾದಿ ಹೋಗತೈತಿ!"

"ಮರ್ಯಾದಿ ಹೋದ್ರ ಹೋಗಲಿ, ನೀ ಇರು!" ಎಂದವಳೇ ಜಡೆಮ್ಮ ಅವನ ಕಾಲ ಮೇಲೇ ಕೂತುಬಿಟ್ಟಳು.

ವಾರ್ಡಿಗೆ ವಾರ್ಡೇ ಕತ್ತು ಚಾಚಿತು. ಪಕ್ಕೀರಪ್ಪ ಮೀಸೆ ಸವರಿಕೊಂಡ. ನೆಟ್ಟಗೆ ಸತ್ತವನ ಮಂಚಕ್ಕೆ ಹೋಗಿ ರುಮಾಲಿನ ಸಮೇತ ಉದ್ದಕ್ಕೆ ಮಲಗಿದ!

"ಅಯ್ಯಯ್ಯೋ, ಆ ಮಂಚ ಬ್ಯಾಡ್ರೀ!" ಎಂದು ಕೂಗಿದಳು ಜಡೆಮ್ಮ.

"ಸುಮ್ನಿರವ್ವ ತಂಗಿ. ಈಗ ಇಬ್ರೂ ಸರಿಸಮ ಆದ್ವಿ. ಬೀಗ್ರ, ಕೈ ಚಾಚ್ರಿ, ತರ್ರಿ ವೀಳ್ಯ!"

ಜಡೆಮ್ಮನ ಸಂಚಿಯಿಂದ ಎಲೆ ಅಡಿಕೆ ಹೊರಬಂದವು. ಉಚ್ಚೆಂಗೆಪ್ಪನಿಗೆ ನಗು ಒತ್ತರಿಸಿ ಬಂತು, ಜೊತೆಗೆ ಅಳುವೂ. "ನಗಬ್ಯಾಡ, ಎದಿ!" ಎಂದು ಗಂಡನ ಬಾಯಿ ಮುಚ್ಚಲು ಹೋದ ಜಡೆಮ್ಮ ತಾನೇ ಬಿದ್ದು ಬಿದ್ದು ನಕ್ಕಳು. ಆಗ ಬಂದ ಡಾಕ್ಟರು ಪಕ್ಕೀರಪ್ಪನ ನಾಡಿ ಹಿಡಿದು, "ಇವನು ಯಾವಾಗ ಬಂದ?" ಅಂದರು.

ಉಚ್ಚೆಂಗೆಪ್ಪ ಬದುಕಿದ. ಮದುವೆಯ ಚಪ್ಪರದಲ್ಲಿ ಬೀಗರನ್ನು ಕಂಡದ್ದೇ ತಡ, ಎದ್ದು ನಿಂತು ಕೈ ಮುಗಿದ. ಪಕ್ಕೀರಪ್ಪನ ಕಣ್ಣು ತುಂಬಿಬಂತು.

"ಇದನ್ನ ನೋಡಬೇಕಂತಾನ ಬೀಗ್ರ, ನಾ ಅವತ್ತು ಆ ಮಂಚದ ಮ್ಯಾಲೆ ಮಕ್ಕಂಡಿದ್ದು."